ಗೋಡೆಯ ಚಿತ್ರ ತೆಗೆಯುವ ಮುನ್ನ

ಫೋರ್ಟ್ ಕೊಚ್ಚಿಗೆ ಹೋದವರು ಚೀನೀ ಮೀನುಬಲೆಗಳ ಫೋಟೋ ಮಾತ್ರ ತೆಗೆದು ಹಿಂತಿರುಗಬೇಡಿ. ಒಳಗಲ್ಲಿಗಳಲ್ಲೂ ನಡೆಯಿರಿ. ‘ಗೆಸ್ ಹೂ’ ಎಂಬ ಹೆಸರಿನ ಮರೆಯಲ್ಲಿರುವ ಕಲಾವಿದರ ಚಿತ್ರಗಳು ಮೂಡಿದ್ದು ಈ ಊರಿನ ಗೋಡೆಗಳ ಮೇಲೆಯೇ. ಕಂಡ ಕೂಡಲೇ ಹತ್ತಿರ ಹೋಗಬೇಡಿ. ಮೊದಲು ಬಾಗಿಲು, ಸೈಕಲ್ಲು, ಗಲ್ಲಿ ಎಲ್ಲ ಸೇರುವಂತೆ ದೂರದಿಂದ ಒಂದು ಫೋಟೋ ತೆಗೆಯಿರಿ. ಸುತ್ತಲಿನದನ್ನು ಬಿಟ್ಟರೆ ಚಿತ್ರದ ಅರ್ಧ ಅರ್ಥವೇ ಹೋಗುತ್ತದೆ. ಆಮೇಲೆ ಗೋಡೆಗೆ ನೇರ ಎದುರು ನಿಂತು ಇನ್ನೊಂದು. ಓರೆ ಬಿಸಿಲಿನಲ್ಲಿ ಗಾರೆಯ ಬಿರುಕೂ ಕಾಣುತ್ತದೆ. ಮನೆಯ ಗೋಡೆಯಾದರೆ ಮನೆಯವರನ್ನು ಕೇಳಿಕೊಳ್ಳಿ. ಬೀದಿಯ ಹೆಸರು, ತಾರೀಖು ತಪ್ಪದೆ ಬರೆದಿಡಿ: ಮಳೆ, ಪಾಚಿ, ಹೊಸ ಸುಣ್ಣ ಇಂಥ ಚಿತ್ರಗಳನ್ನು ಬಹುಕಾಲ ಉಳಿಸುವುದಿಲ್ಲ. ಕಲಾವಿದರು ಯಾರೆಂದು ಪತ್ತೆಹಚ್ಚುವ ಗೋಜು ಮಾತ್ರ ಬೇಡ. ಅವರು ಬಯಸಿ ಇಟ್ಟುಕೊಂಡ ಮರೆ ಅದು.