ಜೀಪಿನ ಡೀಸೆಲ್ ಲೆಕ್ಕ

ಅಕ್ಕಂದಿರೇ, ಹಿಂದಿನ ಪಾಠದಲ್ಲಿ ನಾವು ಭಾಗಾಕಾರ ಕಲಿತೆವು. ಈ ಪಾಠದಲ್ಲಿ ಆ ಭಾಗಾಕಾರವನ್ನು ಜೀಪಿಗೆ ಹತ್ತಿಸೋಣ.

ನಮ್ಮ ಕಡೆ ಜೀಪು ಹತ್ತದವರು ಯಾರಿದ್ದಾರೆ? ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕೂ ತಾಲ್ಲೂಕಿನಲ್ಲಿ ಊರುಗಳು ದೂರ ದೂರ. ಶನಿವಾರ ಪಾವಗಡದ ಶನಿಮಹಾತ್ಮನ ಗುಡಿಗೆ ಹೋಗಬೇಕು. ಶುಕ್ರವಾರ ಗೊರವನಹಳ್ಳಿ ಮಹಾಲಕ್ಷ್ಮಿಗೆ ಹೋಗಬೇಕು. ಕಡ್ಲೆಕಾಯಿ, ಹುಣಸೆಹಣ್ಣು ಮಂಡಿಗೆ ಹೋಗಬೇಕು. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಒಳ್ಳೆಯದೇ ಆಯಿತು. ಆದರೆ ಬಸ್ಸೇ ಬಾರದ ಊರಿನವರು ಏನು ಮಾಡಬೇಕು? ಅವರಿಗೆ ಜೀಪೇ ಗತಿ. ಹಿಂದೆ ಕಮಾಂಡರ್, ಟ್ರ್ಯಾಕ್ಸ್ ಓಡುತ್ತಿದ್ದವು. ಈಗ ಬೊಲೆರೊ ಹೆಚ್ಚು. ಪೇಟೆಯವರು ಇಂಥ ಎತ್ತರದ ಗಾಡಿಗಳಿಗೆ ಎಸ್‌ಯುವಿ ಅಂತಾರೆ. ನಮಗೆ ಎಲ್ಲವೂ ಜೀಪೇ.

ನಮ್ಮ ಸಂಜೆ ಶಾಲೆಗೆ ಹನ್ನೆರಡು ಜನ ಅಕ್ಕಂದಿರು ಬರುತ್ತಾರೆ. ಎಲ್ಲರೂ ಒಂದೇ ಸಂಘದವರು. ಅವರಲ್ಲಿ ಒಬ್ಬ ಅಕ್ಕನ ಮಗ ಸಂಘದಿಂದ ಸಾಲ ಪಡೆದು ಹಳೇ ಜೀಪು ತಗೊಂಡ. ತಿಂಗಳಿಗೆ 4,500 ರೂಪಾಯಿ ಕಂತು. ಮೊದಲು ಸರಿಯಾಗಿ ಕಟ್ಟಿದ. ಆಮೇಲೆ ಎರಡು ಕಂತು ನಿಂತುಹೋಯಿತು.

ಸಂಘದ ಸಭೆಗೆ ಅವನನ್ನು ಕರೆಸಿದೆವು. "ದುಡಿಮೆ ಐತೆ ಕಣಕ್ಕಾ. ಆದ್ರೆ ಡೀಸೆಲ್ಲು ತಿಂದ್ ಹಾಕ್ತೈತೆ" ಅಂದ.

ಸಭೆಯಲ್ಲಿ ಒಬ್ಬರು ಅಂದುಬಿಟ್ಟರು, "ಗಾಡಿ ಕುಡಿತೈತೋ, ಗಾಡಿ ಓಡಿಸೋನು ಕುಡಿತಾನೋ, ಯಾರ್ ಕಂಡ್ರು?"

ಅವನ ತಾಯಿ ತಲೆ ತಗ್ಗಿಸಿದರು. ಆ ದಿನ ಅವರು ಸ್ಲೇಟು ಮುಟ್ಟಲಿಲ್ಲ. ನಮಗೂ ಕಸಿವಿಸಿ ಆಯಿತು. ಮಾತು ನಿಜವೋ ಸುಳ್ಳೋ ಹೇಳೋದು ಹೇಗೆ? ಲೆಕ್ಕ ಇಲ್ಲದೆ ಯಾರ ಪರವಾಗಿ ಮಾತಾಡೋದು? ಲೆಕ್ಕ ಬರೆಯೋಣ ಅಂತ ತೀರ್ಮಾನ ಆಯಿತು. ಬರೆಯೋರು ಯಾರು? "ನಾನೇ ಬರೀತೀನಿ" ಅಂದರು ಆ ತಾಯಿ. ಅವರು ಅಂಕಿ ಕಲಿತು ಆಗ ಆರು ತಿಂಗಳು ಆಗಿತ್ತು.

ಲೆಕ್ಕ ಬರೆಯುವ ಕ್ರಮ ಸುಲಭ. ಒಂದು ದಿನ ಟ್ಯಾಂಕ್ ತುಂಬಾ ಡೀಸೆಲ್ ಹಾಕಿಸಬೇಕು. ಆಗ ಮೀಟರಿನಲ್ಲಿ ಎಷ್ಟು ಕಿಲೋಮೀಟರ್ ತೋರಿಸುತ್ತೆ, ಬರೆದುಕೊಳ್ಳಬೇಕು. ಗಾಡಿ ಓಡಲಿ. ಮುಂದಿನ ಸಾರಿ ಮತ್ತೆ ಟ್ಯಾಂಕ್ ತುಂಬಿಸಬೇಕು. ಎರಡನೇ ಸಾರಿ ಎಷ್ಟು ಲೀಟರ್ ಹಿಡಿಯಿತೋ ಅಷ್ಟೇ ಡೀಸೆಲ್ ನಡುವೆ ಸುಟ್ಟಿದೆ ಅಂತ ಅರ್ಥ. ಓಡಿದ ಕಿಲೋಮೀಟರನ್ನು ಆ ಲೀಟರಿನಿಂದ ಭಾಗಿಸಬೇಕು. ಅರ್ಧ ಟ್ಯಾಂಕಿಗೆ, ಐನೂರು ರೂಪಾಯಿಗೆ ಹಾಕಿಸಿದರೆ ಈ ಲೆಕ್ಕ ನಿಲ್ಲೋದಿಲ್ಲ.

ಮೊದಲ ಸಾರಿ ಜೀಪು 462 ಕಿಲೋಮೀಟರ್ ಓಡಿತ್ತು. 42 ಲೀಟರ್ ಹಿಡಿಯಿತು. 462ನ್ನು 42ರಿಂದ ಭಾಗಿಸಿದರೆ 11. ಒಂದು ಲೀಟರಿಗೆ 11 ಕಿಲೋಮೀಟರ್.

ಹನ್ನೊಂದು ಕಡಿಮೆಯಾ, ಜಾಸ್ತಿಯಾ? ಅಂಥದೇ ಜೀಪು ಓಡಿಸುವ ಬೇರೆಯವರನ್ನು ಕೇಳಿದೆವು. ಒಬ್ಬರು ಹದಿಮೂರು ಅಂದರು. ಒಬ್ಬರು ಹದಿನೈದು ಅಂದರು. ಮೈಲೇಜಿನ ವಿಚಾರದಲ್ಲಿ ಡ್ರೈವರುಗಳ ಮಾತನ್ನು ಸ್ವಲ್ಪ ಕಳೆದು ನಂಬಬೇಕು. ಆದರೂ ಹನ್ನೊಂದು ಕಡಿಮೆ ಅಂತ ಗೊತ್ತಾಯಿತು. ಹುಡುಗ ಸುಳ್ಳು ಹೇಳಿರಲಿಲ್ಲ. ಗಾಡಿ ಡೀಸೆಲ್ ತಿನ್ನುತ್ತಿತ್ತು. ಯಾಕೆ?

ಒಂದು ಭಾನುವಾರ ನಾವು ನಾಲ್ಕು ಜನ ಅದೇ ಜೀಪು ಹತ್ತಿ ಮಧುಗಿರಿಯಿಂದ ಪಾವಗಡದ ದಾರಿ ಹಿಡಿದೆವು. ಆ ತಾಯಿ ಮುಂದಿನ ಸೀಟಿನಲ್ಲಿ ಕೂತರು. ಮಗನ ಜೀಪಿನಲ್ಲಿ ಅವರು ಮುಂದೆ ಕೂತದ್ದು ಅದೇ ಮೊದಲು. ಅವರ ಕಣ್ಣಿಗೆ ಎರಡು ಮುಳ್ಳು ಬಿದ್ದವು. "ಇದೊಂದು ಓಟದ ಮೀಟ್ರು. ಇನ್ನೊಂದ್ ಯಾತರದಪ್ಪ?" ಅಂದರು.

ಆ ಇನ್ನೊಂದು ಆರ್‌ಪಿಎಂ ಮೀಟರ್. ಎಂಜಿನ್ ಒಂದು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತೆ ಅಂತ ಅದು ತೋರಿಸುತ್ತದೆ. ಚಕ್ರದ ಸುತ್ತು ಬೇರೆ, ಎಂಜಿನ್ನಿನ ಸುತ್ತು ಬೇರೆ. ಮುಳ್ಳು 2ರ ಮೇಲೆ ನಿಂತರೆ 2,000 ಸುತ್ತು. 3ರ ಮೇಲೆ ನಿಂತರೆ 3,000 ಸುತ್ತು. ಹಳೇ ಕಾಲದ ಎಷ್ಟೋ ಜೀಪುಗಳಲ್ಲಿ ಈ ಮೀಟರು ಇರಲಿಲ್ಲ. ಅವಕ್ಕೆ ಡ್ರೈವರನ ಕಿವಿಯೇ ಮೀಟರು.

ಎಂಜಿನ್ ಒಳಗೆ ಏನು ನಡೆಯುತ್ತದೆ? ಸಿಲಿಂಡರ್ ಅಂದರೆ ಕಬ್ಬಿಣದ ಕೊಳವೆ. ಅದರೊಳಗೆ ಪಿಸ್ಟನ್ ಮೇಲೆ ಕೆಳಗೆ ಆಡುತ್ತದೆ, ಒರಳಿನಲ್ಲಿ ಒನಕೆ ಆಡಿದ ಹಾಗೆ. ಅದು ಗಾಳಿ ಎಳೆದುಕೊಳ್ಳುತ್ತದೆ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸುತ್ತದೆ. ಕಾದ ಗಾಳಿಗೆ ಡೀಸೆಲ್ ಚಿಮ್ಮುತ್ತದೆ, ಭಗ್ ಅಂತ ಉರಿಯುತ್ತದೆ. ಆ ಉರಿ ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಕೊನೆಗೆ ಹೊಗೆ ಹೊರಗೆ. ಎಂಜಿನ್ ಎರಡು ಸುತ್ತು ತಿರುಗಿದರೆ ಒಂದು ಸಿಲಿಂಡರಿನಲ್ಲಿ ಒಂದು ಸಾರಿ ಉರಿ. ಈಗಿನ ಬೊಲೆರೊಗೆ ಮೂರು ಸಿಲಿಂಡರು. ನಿಮಿಷಕ್ಕೆ 2,000 ಸುತ್ತು ತಿರುಗಿದರೆ ಒಂದೊಂದು ಸಿಲಿಂಡರಿನಲ್ಲಿ 1,000 ಸಾರಿ, ಮೂರೂ ಸೇರಿ 3,000 ಸಾರಿ ಉರಿಯಬೇಕು. ಒಂದೇ ನಿಮಿಷದಲ್ಲಿ!

ಈಗ ರಾಗಿ ಬೀಸುವ ಕಲ್ಲನ್ನು ನೆನೆಸಿಕೊಳ್ಳಿ. ಕಲ್ಲಿಗೆ ಒಂದೇ ಹಿಡಿ ರಾಗಿ ಹಾಕಿ, ಗರಗರ ಅಂತ ಜೋರಾಗಿ ತಿರುಗಿಸಿ. ಏನಾಗುತ್ತೆ? ಹಿಟ್ಟು ಅಷ್ಟೇ ಬೀಳುತ್ತೆ. ರಟ್ಟೆ ಮಾತ್ರ ಸೋಲುತ್ತೆ. ಕಲ್ಲಿಗೆ ಕಲ್ಲು ಉಜ್ಜೋದಕ್ಕೇ ನಿಮ್ಮ ಶಕ್ತಿ ಖರ್ಚು. ಎಂಜಿನ್ನೂ ಹಾಗೇ. ಪ್ರತಿ ಸುತ್ತಿಗೂ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತದೆ. ನಡುವೆ ಆಯಿಲ್ ಇದ್ದರೂ ಉಜ್ಜಾಟ ತಪ್ಪೋದಿಲ್ಲ. ಗಾಳಿ ಎಳೆದು ನೂಕುವುದಕ್ಕೂ ಶಕ್ತಿ ಬೇಕು. ಬೇಡದ ಸುತ್ತು ಹೆಚ್ಚಾದಷ್ಟೂ ಡೀಸೆಲ್ ಬರೀ ಉಜ್ಜಾಟಕ್ಕೆ ಹೋಗುತ್ತದೆ.

ಹುಡುಗ ಜೀಪು ಓಡಿಸೋದನ್ನು ನೋಡಿದೆವು. ಓಟ 50 ಕಿಲೋಮೀಟರ್. ಗೇರು ಮೂರನೆಯದು. ಆರ್‌ಪಿಎಂ ಮುಳ್ಳು 2,800. ಗಾಡಿ ಕಿರುಚುತ್ತಿತ್ತು.

"ಯಾಕಪ್ಪಾ ಹಿಂಗ್ ಕಿರುಚ್ತೈತೆ? ಮುಂದಿನ ಗೇರ್ ಹಾಕಲ್ವಾ?" ಅಂದರು ತಾಯಿ.

"ಗಾಡಿಗೆ ಪಿಕಪ್ ಬೇಕಲ್ಲಮ್ಮಾ. ಮುಂದಿನ ಸ್ಟಾಪಲ್ಲಿ ಇನ್ನೊಂದ್ ಜೀಪು ನನ್ನ ಜನಾನ ಹತ್ತಿಸ್ಕೊಂಡ್ ಬಿಡ್ತದೆ" ಅಂದ.

ಅವನ ಕಷ್ಟ ಅವನಿಗೆ. ಆದರೂ ಅವನ ಎದುರೇ ಲೆಕ್ಕ ಮಾಡಿದೆವು. ಗಂಟೆಗೆ 50 ಕಿಲೋಮೀಟರ್ ಓಡಿದರೆ ಒಂದು ಕಿಲೋಮೀಟರಿಗೆ 72 ಸೆಕೆಂಡ್ ಬೇಕು. ಅಂದರೆ 1.2 ನಿಮಿಷ. ಮೂರನೇ ಗೇರಿನಲ್ಲಿ ನಿಮಿಷಕ್ಕೆ 2,800 ಸುತ್ತಾದರೆ ಒಂದು ಕಿಲೋಮೀಟರಿಗೆ 3,360 ಸುತ್ತು. ನಾಲ್ಕನೇ ಗೇರು ಹಾಕಿದ. ಓಟ ಅಷ್ಟೇ 50. ಮುಳ್ಳು 2,000ಕ್ಕೆ ಇಳಿಯಿತು. ಈಗ ಕಿಲೋಮೀಟರಿಗೆ 2,400 ಸುತ್ತು. ಒಂದು ಕಿಲೋಮೀಟರಿಗೆ 960 ಸುತ್ತು ಉಳಿಯಿತು. 60 ಕಿಲೋಮೀಟರ್ ದಾರಿಗೆ 57,600 ಸುತ್ತು! ಹುಡುಗ ಸುಮ್ಮನಾದ. ತಾಯಿ ಆ ಅಂಕಿಯನ್ನು ಪುಸ್ತಕದಲ್ಲಿ ಎರಡು ಸಾರಿ ಬರೆದುಕೊಂಡರು.

ಒಂದು ಮಾತು. ಸುತ್ತು ಕಾಲು ಭಾಗಕ್ಕಿಂತ ಹೆಚ್ಚು ಕಡಿಮೆಯಾಯಿತು ಅಂತ ಡೀಸೆಲ್ಲೂ ಅಷ್ಟೇ ಕಡಿಮೆಯಾಗೋಲ್ಲ. ಗಾಡಿಯನ್ನೂ ಜನರನ್ನೂ ಎಳೆಯುವ ಕೆಲಸ ಯಾವ ಗೇರಿನಲ್ಲಾದರೂ ಇದ್ದೇ ಇರುತ್ತದೆ. ಉಳಿಯೋದು ಉಜ್ಜಾಟದ ಡೀಸೆಲ್ ಮಾತ್ರ. ಅದೂ ಕಡಿಮೆಯೇನಲ್ಲ.

ಹಾಗಾದರೆ ಸುತ್ತು ಕಡಿಮೆ ಆದಷ್ಟೂ ಒಳ್ಳೆಯದಾ? ಅಲ್ಲ. ಹುಡುಗನೂ ಹಾಗೇ ತಪ್ಪು ತಿಳಿದ. ಬರುವಾಗ ಗಾಡಿ ತುಂಬಾ ಜನ, ಮೇಲೆ ಕಡ್ಲೆಕಾಯಿ ಮೂಟೆ. ಏರು ಬಂತು. ಅವನು ಐದನೇ ಗೇರಿನಲ್ಲೇ ಇದ್ದ. ಮುಳ್ಳು 1,100ಕ್ಕೆ ಬಿತ್ತು. ಜೀಪು ಜ್ವರ ಬಂದವರ ಹಾಗೆ ನಡುಗಿತು. ಹಿಂದೆ ಕರೀ ಹೊಗೆ. ಬೀಸುವ ಕಲ್ಲಿನ ಬಾಯಿ ತುಂಬಾ ರಾಗಿ ತುರುಕಿ ಮೆಲ್ಲಗೆ ತಿರುಗಿಸಲು ಹೋದರೆ ಹೇಗೆ? ಕಲ್ಲು ಕಚ್ಚಿಕೊಳ್ಳುತ್ತದೆ. ಎಂಜಿನ್ನಿಗೂ ಹಾಗೇ ಆಯಿತು. ಕರೀ ಹೊಗೆ ಅಂದರೆ ಪೂರ್ತಿ ಉರಿಯದ ಡೀಸೆಲ್. ಅದು ನಾವು ಕೊಟ್ಟ ದುಡ್ಡೇ. ಏರಿನಲ್ಲಿ ಗೇರು ಇಳಿಸಲೇಬೇಕು. ಇಂಥ ಡೀಸೆಲ್ ಎಂಜಿನ್ನುಗಳು ಹೆಚ್ಚು ಬಲ ಕೊಡೋದು ನಡುವಿನ ಸುತ್ತಿನಲ್ಲಿ. 2020ರಿಂದ ಬಂದ ಬೊಲೆರೊ ಎಂಜಿನ್ನಿಗೆ ಪೂರ್ತಿ ಎಳೆತ ಸಿಗೋದು 1,600ರಿಂದ 2,200 ಸುತ್ತಿನ ಒಳಗೆ ಅಂತ ತಯಾರಿಸಿದವರೇ ಹೇಳಿದ್ದಾರೆ. ಸಮ ದಾರಿಯಲ್ಲಿ ಮುಳ್ಳು 2,000ದ ಆಸುಪಾಸಿನಲ್ಲಿದ್ದರೆ ನಮ್ಮ ಜೀಪಿಗೆ ಹಿತ.

ಶಿರಾ ಕಡೆ ಹೋದರೆ ದೊಡ್ಡ ಹೆದ್ದಾರಿ ಇದೆ. ಅಲ್ಲಿ ಗೇರಿಗಿಂತ ಗಾಳಿಯ ಕಾಟ ಹೆಚ್ಚು. ಮೊರವನ್ನು ಗಾಳಿಗೆ ಎದುರಾಗಿ ಹಿಡಿದು ನಡೆಯಿರಿ, ಆಮೇಲೆ ಓಡಿ ನೋಡಿ. ಕೈ ಹಿಂದಕ್ಕೆ ಜಗ್ಗುತ್ತದೆ. ಜೀಪು ಎತ್ತರದ ಗಾಡಿ, ದೊಡ್ಡ ಮೊರ ಇದ್ದ ಹಾಗೆ. ಓಟ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಅದಕ್ಕೇ ಪೆಟ್ರೋಲಿಯಂ ಉಳಿತಾಯದ ಸರ್ಕಾರಿ ಸಂಸ್ಥೆಯವರು ಗಂಟೆಗೆ 45ರಿಂದ 55 ಕಿಲೋಮೀಟರ್ ಓಡಿಸಿ ಅಂತ ಎಷ್ಟೋ ವರ್ಷದಿಂದ ಹೇಳುತ್ತಾ ಬಂದಿದ್ದಾರೆ. ಮೇಲಿನ ಕ್ಯಾರಿಯರ್ ಮೇಲೆ ಮೂಟೆ ಕಟ್ಟಿದರೆ ಮೊರ ಇನ್ನೂ ದೊಡ್ಡದಾಯಿತು ಅಂತಲೇ ಲೆಕ್ಕ.

ಇಳಿಜಾರಿನಲ್ಲಿ ಹುಡುಗ ಇನ್ನೊಂದು ಜಾಣತನ ಮಾಡುತ್ತಿದ್ದ. ಗೇರು ತೆಗೆದು ನ್ಯೂಟ್ರಲ್ ಮಾಡಿ ಬಿಡುತ್ತಿದ್ದ. "ಡೀಸೆಲ್ ಉಳೀತೈತೆ" ಅಂತ. ಇದು ತಪ್ಪು. ಗೇರಿನಲ್ಲೇ ಇಟ್ಟು ಕಾಲು ತೆಗೆದರೆ ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ. ಆಗ ಈಗಿನ ಎಂಜಿನ್ನುಗಳು ಡೀಸೆಲ್ಲನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್ಲಿನಲ್ಲಿ ಎಂಜಿನ್ ಉರಿಯುತ್ತಲೇ ಇರಬೇಕು. ಅಷ್ಟೇ ಅಲ್ಲ, ಗೇರು ಇಲ್ಲದ ಗಾಡಿಯನ್ನು ಬರೀ ಬ್ರೇಕ್ ಹಿಡಿದು ನಿಲ್ಲಿಸಬೇಕು. ಬ್ರೇಕ್ ಕಾದು ಸೋತರೆ? ಹಿಂದೆ ಹತ್ತು ಜನ ಮಕ್ಕಳು ಮರಿ ಕೂತಿರುತ್ತಾರೆ. ನ್ಯೂಟ್ರಲ್ ಮಾಡಿ ಇಳಿಸುವ ಜೀಪು ಕಂಡರೆ ನೀವು ಬಾಯಿ ಬಿಟ್ಟು ಕೇಳಬೇಕು. "ನಮಗ್ಯಾಕೆ ಬಿಡು" ಅನ್ನಬೇಡಿ.

ಬಸ್ ಸ್ಟ್ಯಾಂಡಿನಲ್ಲಿ "ಪಾವಗಡ, ಪಾವಗಡ" ಅಂತ ಕೂಗುವಾಗ ಎಂಜಿನ್ ಓಡುತ್ತಲೇ ಇರುತ್ತಿತ್ತು. ಅದು ನಿಂತಲ್ಲೇ ತಿರುಗುವ ಕಲ್ಲು. ರಾಗಿಯೂ ಇಲ್ಲ, ಹಿಟ್ಟೂ ಇಲ್ಲ. ಅದನ್ನೂ ಆರಿಸಲು ಹೇಳಿದೆವು. ಟಯರಿಗೆ ಗಾಳಿಯೂ ಕಡಿಮೆ ಇತ್ತು, ಹೊಡೆಸಿದ. ಇನ್ನೊಂದು ಜೀಪನ್ನು ಹಿಂದಕ್ಕೆ ಹಾಕಲು ನುಗ್ಗಿ, ಆಮೇಲೆ ಗಕ್ಕನೆ ಬ್ರೇಕ್ ಹಾಕೋದು ಮಾತ್ರ ಪೂರ್ತಿ ಬಿಟ್ಟಿಲ್ಲ. ಅದು ದುಡ್ಡು ಕೊಟ್ಟು ಕೊಂಡ ವೇಗವನ್ನು ರಸ್ತೆಗೆ ಚೆಲ್ಲಿದ ಹಾಗೆ ಅಂತ ತಾಯಿ ದಿನಾ ಬೈಯುತ್ತಾರೆ.

ಮುಂದಿನ ಟ್ಯಾಂಕಿಗೆ 12 ಬಂತು. ಅದರ ಮುಂದಿನದಕ್ಕೆ 13. ಎಲ್ಲವೂ ಗೇರಿನಿಂದಲೇ ಅಂತ ನಾವು ಹೇಳೋಲ್ಲ. ಟಯರಿನ ಗಾಳಿಯೂ ಸೇರಿದೆ.

ಜೀಪು ತಿಂಗಳಿಗೆ 3,000 ಕಿಲೋಮೀಟರ್ ಓಡುತ್ತದೆ. ಲೀಟರಿಗೆ 11ರಂತೆ ಸುಮಾರು 273 ಲೀಟರ್ ಬೇಕು. 13ರಂತೆ ಸುಮಾರು 231 ಲೀಟರ್ ಸಾಕು. ಉಳಿದದ್ದು 42 ಲೀಟರ್. ಲೀಟರಿಗೆ 90 ರೂಪಾಯಿ ಅಂತ ಇಟ್ಟುಕೊಳ್ಳಿ. 3,780 ರೂಪಾಯಿ ಆಯಿತು. ಒಂದು ಕಂತಿಗೆ 720 ರೂಪಾಯಿ ಮಾತ್ರ ಕಡಿಮೆ.

ನಿಂತಿದ್ದ ಎರಡು ಕಂತಿನಲ್ಲಿ ಒಂದು ಬಂದಿದೆ. ಇನ್ನೊಂದು ಬಾಕಿ ಇದೆ. ಅದು ಡೀಸೆಲ್ಲಿಗೆ ಹೋಗಿದ್ದಲ್ಲ, ಕ್ಲಚ್ ರಿಪೇರಿಗೆ ಹೋಗಿದ್ದು. ಚೀಟಿ ಪುಸ್ತಕದಲ್ಲಿ ಅಂಟಿಸಿದ್ದಾರೆ. ಸಭೆಯಲ್ಲಿ ಆ ತಾಯಿ ಪುಸ್ತಕ ಬಿಚ್ಚಿ ತಾವೇ ಓದಿದರು. 'ಸಾವಿರ' ಅನ್ನುವಲ್ಲಿ ಒಂದು ಸಾರಿ ತಡವರಿಸಿದರು. ಯಾರೂ ನಗಲಿಲ್ಲ. ಅವತ್ತು ಮಾತಾಡಿದ್ದ ಅಕ್ಕ ಏನೂ ಹೇಳಲಿಲ್ಲ. ಮುಂದಿನ ಶನಿವಾರ ಅದೇ ಜೀಪಿನಲ್ಲಿ ಪಾವಗಡಕ್ಕೆ ಹೋಗಿಬಂದರು.

ಈಗ ನೀವು ಲೆಕ್ಕ ಮಾಡಿ

ಕೊರಟಗೆರೆಯ ಒಂದು ಜೀಪು ಟ್ಯಾಂಕ್ ತುಂಬಿಸಿದಾಗ ಮೀಟರು 48,215 ತೋರಿಸಿತು. ಮತ್ತೆ ತುಂಬಿಸಿದಾಗ 48,695 ತೋರಿಸಿತು. 40 ಲೀಟರ್ ಹಿಡಿಯಿತು. ಲೀಟರಿಗೆ ಎಷ್ಟು ಕಿಲೋಮೀಟರ್ ಬಂತು?

ಅದೇ ಜೀಪು ಗಂಟೆಗೆ 60 ಕಿಲೋಮೀಟರ್ ಓಡುವಾಗ ಆರ್‌ಪಿಎಂ ಮುಳ್ಳು 1,900 ತೋರಿಸಿತು. ಒಂದು ಕಿಲೋಮೀಟರಿಗೆ ಎಂಜಿನ್ ಎಷ್ಟು ಸುತ್ತು ತಿರುಗಿತು? ಗಂಟೆಗೆ 60 ನಿಮಿಷ ಅನ್ನೋದು ನೆನಪಿರಲಿ.

ಮುಂದಿನ ಸಾರಿ ಜೀಪು ಹತ್ತಿದಾಗ ಮುಂದಿನ ಸೀಟು ಸಿಕ್ಕರೆ ಎರಡೂ ಮುಳ್ಳು ನೋಡಿ, ಅಂಕಿ ಬರೆದುಕೊಂಡು ಬನ್ನಿ.