ಇಬ್ಬರ ಪ್ರವಾಸಕ್ಕೆ ಇಬ್ಬರೂ ಕೂತು ಯೋಜನೆ ಹಾಕಿ

ಮಕ್ಕಳ ಫೀಸು, ಮನೆ ಸಾಲ, ನೆಂಟರ ಮದುವೆ, ಊರ ಹಬ್ಬ, ಇವುಗಳ ನಡುವೆ ಗಂಡ ಹೆಂಡತಿ ಇಬ್ಬರೇ ನಾಲ್ಕು ದಿನ ಎಲ್ಲಿಗಾದರೂ ಹೋಗಿಬರುವುದೆಂದರೆ ನಮ್ಮಲ್ಲಿ ಅನೇಕರಿಗೆ ಈಗಲೂ ಸಂಕೋಚದ ವಿಷಯ. ವೇಳಾಂಕಣಿಗೆ ಹೊರಟಿದ್ದೇವೆ ಎಂದರೆ ಯಾರೂ ಏನೂ ಕೇಳುವುದಿಲ್ಲ. ಸುಮ್ಮನೆ ಇಬ್ಬರೇ ಹೊರಟಿದ್ದೇವೆ ಎಂದರೆ, "ಈ ವಯಸ್ಸಿನಲ್ಲಿ ಇದೇನಪ್ಪಾ?" ಎಂಬ ನಗು. ಮದುವೆಯಾಗಿ 25 ವರ್ಷ ತುಂಬಿದಾಗ ನಾವಿಬ್ಬರೂ ಆ ನಗುವನ್ನು ಕೇಳಿಸಿಕೊಂಡೇ ಹೊರಟೆವು. ನೆಂಟರ ನಗುವಿನಿಂದ ನಮಗೇನೂ ಆಗಲಿಲ್ಲ. ತೊಂದರೆಯಾದದ್ದು ನನ್ನ ಯೋಜನೆಯಿಂದ.

ಯೋಜನೆಯನ್ನು ಪೂರ್ತಿಯಾಗಿ ನಾನೇ ಹಾಕಿದ್ದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕೂ ತಾಲ್ಲೂಕುಗಳನ್ನು ಸೈಕಲ್ಲಿನಲ್ಲಿ ಸುತ್ತುವುದು, ಸಮಯ ಉಳಿದರೆ ಕೊನೆಗೆ ಮೈಸೂರು. ಮೊದಲ ದಿನವೇ ಶ್ರೀರಂಗಪಟ್ಟಣದಿಂದ ಹೊರಟು ಕೆರೆ ತೊಣ್ಣೂರು ನೋಡಿಕೊಂಡು ರಾತ್ರಿಗೆ ಕೆ.ಆರ್. ಪೇಟೆ ಸೇರಬೇಕು, ಅಂದರೆ 50 ಕಿಲೋಮೀಟರಿಗೂ ಹೆಚ್ಚು. ನಾನು ಚಿಕ್ಕಂದಿನಿಂದ ಸೈಕಲ್ ತುಳಿದವನು. ನನ್ನ ಪತ್ನಿ ತುಳಿದದ್ದು ಹೈಸ್ಕೂಲಿನವರೆಗೆ ಮಾತ್ರ. ಆ ಮೇಲೆ ಹೊರಡುವ ಮುಂಚೆ ಒಂದು ವಾರ ಬಡಾವಣೆಯ ರಸ್ತೆಯಲ್ಲಿ ಅಭ್ಯಾಸ, ಅಷ್ಟೇ.

ಪಾಂಡವಪುರ ದಾಟಿ ತೊಣ್ಣೂರಿನ ದಾರಿ ಹಿಡಿದು ಸ್ವಲ್ಪ ಹೊತ್ತಾದ ಮೇಲೆ ತಿರುಗಿ ನೋಡಿದರೆ ಆಕೆ ಕಾಣಲಿಲ್ಲ. ಹಿಂದಕ್ಕೆ ಹೋದೆ. ಹುಣಸೆ ಮರದ ಬುಡದಲ್ಲಿ ಸೈಕಲ್ ಒರಗಿಸಿ ಕೂತಿದ್ದಳು. "ಏನಾಯ್ತು?" ಎಂದೆ. "ಏನೂ ಇಲ್ಲ" ಎಂದಳು. ಸ್ವಲ್ಪ ತಡೆದು, "ಊರು ತೋರಿಸ್ತೀನಿ ಅಂತ ಕರ್ಕೊಂಡು ಬಂದ್ರಿ. ಬೆಳಿಗ್ಗೆಯಿಂದ ನಾನು ನೋಡಿದ್ದು ನಿಮ್ಮ ಬೆನ್ನು ಮಾತ್ರ ರೀ" ಎಂದಳು. ನನಗೆ ಮೊದಲು ಬಂದದ್ದು ಸಿಟ್ಟು. "ಮೊದಲೇ ಹೇಳಬಾರದಾಗಿತ್ತಾ?" ಎಂದು ಕೇಳಿದೆ. "ನೀವು ಕೇಳಿದ್ರಾ?" ಎಂದಳು.

ಇನ್ನೊಂದು ವಿಷಯ ಗೊತ್ತಾದದ್ದು ಆಮೇಲೆ. ಆಕೆ ಬೆಳಿಗ್ಗೆಯಿಂದ ನೀರು ಕುಡಿದಿರಲಿಲ್ಲ. ದಾರಿಯಲ್ಲಿ ಹೆಂಗಸರಿಗೆ ಶೌಚಾಲಯ ಎಲ್ಲಿದೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಮರ, ಬೇಲಿ ಹುಡುಕಿಕೊಳ್ಳುವ ಗಂಡಸಿಗೆ ಆ ಯೋಚನೆ ಬರುವುದೇ ಇಲ್ಲ. ದೇವಸ್ಥಾನಗಳ ಶತಮಾನಗಳನ್ನೆಲ್ಲ ಬರೆದುಕೊಂಡಿದ್ದ ನನ್ನ ಚೀಟಿಯಲ್ಲಿ ಇದೊಂದು ಇರಲಿಲ್ಲ.

ಅಂದು ಮುಂದಕ್ಕೆ ಹೋಗದೆ ಪಾಂಡವಪುರಕ್ಕೆ ಹಿಂತಿರುಗಿ, ಹೋಟೆಲೊಂದರಲ್ಲಿ ಕಾಫಿ ಕುಡಿಯುತ್ತಾ ಬಿಲ್ಲಿನ ಹಿಂಬದಿಯಲ್ಲಿ ಹೊಸ ಯೋಜನೆ ಬರೆದೆವು. ಅದೇ ಸೀಮೆಗೆ ನಂತರ ಇನ್ನೊಮ್ಮೆ ಹೋಗಿ ಬಂದೆವು. ಎರಡರಿಂದಲೂ ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಎರಡು ಚೀಟಿ

ಪ್ರಿಯ ಓದುಗರೇ, ನೀವು ಹೊರಡುವುದಾದರೆ ಮೊದಲು ಒಂದು ಕೆಲಸ ಮಾಡಿ. ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ, ಒಬ್ಬರದನ್ನು ಇನ್ನೊಬ್ಬರು ನೋಡದೆ, ಬರೆಯಿರಿ: ಈ ರಜೆಯಲ್ಲಿ ನನಗೆ ಬೇಕೇ ಬೇಕಾದದ್ದು ಏನು, ನನ್ನಿಂದ ಆಗದ್ದು ಏನು, ದಿನಕ್ಕೆ ಎಷ್ಟು ಹೊತ್ತು ಸೈಕಲ್ ತುಳಿಯಬಲ್ಲೆ. ಆಮೇಲೆ ಚೀಟಿ ಬದಲಾಯಿಸಿಕೊಂಡು ಓದಿ. ನನ್ನ ಪತ್ನಿಗೆ ಹಳ್ಳಿ, ಕೆರೆ, ಮರದ ನೆರಳು ಎಂದರೆ ಪ್ರಾಣ, ಪೇಟೆಯ ಗದ್ದಲ ಆಗದು ಎಂದು ನಾನು 25 ವರ್ಷ ನಂಬಿದ್ದೆ. ಆಕೆಯ ಚೀಟಿಯ ಮೊದಲ ಸಾಲು ಮೈಸೂರು. ಯಾರೂ ಅವಸರ ಮಾಡದೆ ಅಂಗಡಿ ಬೀದಿ ಸುತ್ತಬೇಕು, ಸಂಜೆ ಅರಮನೆಯ ದೀಪ ನೋಡಬೇಕು, ಒಂದು ದಿನವಾದರೂ ಐದು ಗಂಟೆಗೆ ಏಳಬಾರದು! ಹಳ್ಳಿ ಬೇಕಾಗಿದ್ದದ್ದು ನನಗೆ.

"ನಿಮಗೆ ಹೇಗೆ ಇಷ್ಟವೋ ಹಾಗೆ" ಎಂಬುದನ್ನು ಉತ್ತರವೆಂದು ಒಪ್ಪಿಕೊಳ್ಳಬೇಡಿ. ಮದುವೆಯ ಪ್ರಬೋಧನೆಯಲ್ಲಿ ತ್ಯಾಗದ ಬಗ್ಗೆ ನಾವು ಬಹಳ ಕೇಳುತ್ತೇವೆ, ಅದು ಬೇಕು ಕೂಡ. ಆದರೆ ಬಾಯಿಬಿಡದೆ ನುಂಗಿಕೊಂಡ ಆಸೆ ತ್ಯಾಗವಲ್ಲ, ಅದು ಇನ್ನೊಂದು ದಿನ ಇನ್ನೊಂದು ನೆಪದಲ್ಲಿ ಹೊರಗೆ ಬರುತ್ತದೆ. ದಣಿದು ಬಂದ ಶಿಷ್ಯರನ್ನು ಯೇಸುಸ್ವಾಮಿ ಏಕಾಂತಕ್ಕೆ ಕರೆದು ಸ್ವಲ್ಪ ವಿಶ್ರಮಿಸಿಕೊಳ್ಳುವಂತೆ ಹೇಳಿದ್ದು ಶುಭಸಂದೇಶದಲ್ಲಿದೆ (ಮಾರ್ಕ 6:31). ಜಗದ್ಗುರು ಫ್ರಾನ್ಸಿಸರು 2016ರಲ್ಲಿ ಕುಟುಂಬದ ಬಗ್ಗೆ ಹೊರಡಿಸಿದ ಆಮೋರಿಸ್ ಲೆತೀಸಿಯ ಎಂಬ ಉಪದೇಶದಲ್ಲೂ, ದಂಪತಿಗಳ ಪ್ರೀತಿಗೆ ಬಿಡುವಾದ ಸಮಯ ಬೇಕು, ಅವಸರವಿಲ್ಲದೆ ಮಾತಾಡಬೇಕು, ಒಬ್ಬರ ಮಾತನ್ನು ಒಬ್ಬರು ಕೇಳಬೇಕು ಎಂದಿದ್ದಾರೆ. ರಜೆಯ ಯೋಜನೆ ಹಾಕುವುದು ಇದಕ್ಕೆ ಸುಲಭವಾದ ಅಭ್ಯಾಸ. ಏಕೆಂದರೆ ಇಲ್ಲಿ ತಪ್ಪಿದರೆ ಹೋಗುವುದು ಒಂದು ಮಧ್ಯಾಹ್ನ ಮಾತ್ರ.

ಸೈಕಲ್ಲಿಗೆ ದ್ವೀಪವೇ ಸರಿ

ಹೊಸಬರು ಸೈಕಲ್ ಸವಾರಿ ಆರಂಭಿಸಲು ಶ್ರೀರಂಗಪಟ್ಟಣಕ್ಕಿಂತ ಒಳ್ಳೆಯ ಜಾಗ ನನಗೆ ಕಾಣದು. ಕಾವೇರಿಯ ಎರಡು ಕವಲುಗಳ ನಡುವಿನ ದ್ವೀಪ, ಹೆಚ್ಚಿನ ಏರಿಳಿತ ಇಲ್ಲ. ಕೋಟೆಯಿಂದ ಹೊರಟು ದರಿಯಾ ದೌಲತ್, ಗಂಜಾಂ, ಗುಂಬಜ್, ಕೊನೆಗೆ ಕವಲುಗಳು ಮತ್ತೆ ಕೂಡುವ ಸಂಗಮ, ಹೋಗಿ ಬಂದರೆ ಸುಮಾರು ಹತ್ತು ಹನ್ನೆರಡು ಕಿಲೋಮೀಟರ್. ಟಿಪ್ಪು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ತಿನ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಅದರ ಮುಂದೆ ನಾನು ಒಂದು ಗಂಟೆ ನಿಂತೆ, ಪತ್ನಿ ಹೊರಗೆ ಹುಲ್ಲಿನ ಮೇಲೆ ಕೂತು ವಿಶ್ರಾಂತಿ ತೆಗೆದುಕೊಂಡಳು. ಇಬ್ಬರೂ ಒಂದನ್ನೇ ನೋಡಬೇಕೆಂಬ ನಿಯಮವೇನೂ ಇಲ್ಲವಲ್ಲ. ಸಂಗಮದಲ್ಲಿ ಕಾಲು ತೊಳೆದರೆ ಸಾಕು, ಈಜಲು ಇಳಿಯಬೇಡಿ. ನೀರಿನ ಸೆಳೆತ ಮೇಲೆ ಕಾಣುವುದಿಲ್ಲ.

ಗಂಜಾಂನಲ್ಲಿ ಮಾತ್ರ ಇಬ್ಬರೂ ಒಟ್ಟಿಗೆ ಇಳಿದೆವು. ಅಲ್ಲಿ ಅಬ್ಬೆ ಡುಬಾಯ್ ಅವರ ಹೆಸರಿನೊಂದಿಗೆ ಸೇರಿಹೋಗಿರುವ ಹಳೆಯ ಚರ್ಚಿದೆ. 1784ರಲ್ಲಿ ಕೆನರಾ ಸೀಮೆಯಿಂದ ಸಾವಿರಾರು ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಬಂದದ್ದು ನಮ್ಮ ಮಂಗಳೂರು ಮೂಲದ ಅನೇಕ ಕುಟುಂಬಗಳಿಗೆ ಗೊತ್ತಿರುವ ಸಂಗತಿ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ, ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಲು ಬಂದವರು ಈ ಫ್ರೆಂಚ್ ಗುರುಗಳು. 1823ರವರೆಗೂ ಇಲ್ಲೇ ದುಡಿದರು. ಈ ನಾಡಿನವರಂತೆಯೇ ಉಡುತ್ತಿದ್ದರು, ಸಿಡುಬಿನ ಲಸಿಕೆ ಹಾಕಿಸಲು ಊರೂರು ತಿರುಗಿದರು. ನನ್ನ ಪತ್ನಿಯ ತವರು ಮಂಗಳೂರಿನ ಕಡೆ. ಅಲ್ಲಿ ಆಕೆ ಬಹಳ ಹೊತ್ತು ಕೂತಿದ್ದಳು. ನಾನು ಗಡಿಯಾರ ನೋಡಲಿಲ್ಲ, ಅಷ್ಟರಲ್ಲಿ ಬುದ್ಧಿ ಬಂದಿತ್ತು.

ಮರುದಿನ ಬೆಳಿಗ್ಗೆ ರಂಗನತಿಟ್ಟು. ಪಟ್ಟಣದಿಂದ ನಾಲ್ಕೈದು ಕಿಲೋಮೀಟರ್, ಸೈಕಲ್ಲಿಗೆ ಹೇಳಿಮಾಡಿಸಿದ ದೂರ. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವೆಂದು ಘೋಷಿತವಾದ ಈ ಜಾಗ 2022ರಲ್ಲಿ ರಾಮ್‌ಸಾರ್ ಪಟ್ಟಿಗೂ ಸೇರಿತು. ಕನ್ನಂಬಾಡಿ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟ ದಿನಗಳಲ್ಲಿ ದೋಣಿ ನಿಲ್ಲಿಸುತ್ತಾರೆ, ಮಳೆಗಾಲದಲ್ಲಿ ಹೋಗುವವರು ಮೊದಲೇ ವಿಚಾರಿಸಿಕೊಳ್ಳಿ. ಅಲ್ಲಿ ಶೌಚಾಲಯವೂ ಇದೆ.

ರಸ್ತೆಯ ಬಗ್ಗೆ ಎರಡು ಎಚ್ಚರಿಕೆ. ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳ ಜೊತೆಗೆ ಸೈಕಲ್ಲಿಗೂ ಪ್ರವೇಶವಿಲ್ಲ. ಸರ್ವಿಸ್ ರಸ್ತೆ ಅಥವಾ ಹಳ್ಳಿಗಳ ಒಳದಾರಿ ಹಿಡಿಯಬೇಕು. ಎರಡನೆಯದು ನಾಲೆಯ ಏರಿ. ವಿಶ್ವೇಶ್ವರಯ್ಯ ನಾಲೆಯ ಪಕ್ಕದ ದಾರಿ ನೋಡಲು ಚೆಂದ, ಒಂದು ಕಡೆ ತುಂಬಿ ಹರಿಯುವ ನೀರು, ಇನ್ನೊಂದು ಕಡೆ ಭತ್ತದ ಗದ್ದೆ. ಆದರೆ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ 2018ರ ನವೆಂಬರ್ 24ರಂದು ಬಸ್ಸೊಂದು ಇದೇ ನಾಲೆಗೆ ಬಿದ್ದು 30 ಮಂದಿ ತೀರಿಕೊಂಡರು, ಶಾಲೆ ಮುಗಿಸಿ ಮನೆಗೆ ಹೊರಟ ಮಕ್ಕಳೂ ಅದರಲ್ಲಿದ್ದರು. ತಡೆಗೋಡೆಯಿಲ್ಲದ ಕಡೆ ಕಬ್ಬಿನ ಟ್ರ್ಯಾಕ್ಟರ್ ಎದುರಾದರೆ ಸೈಕಲ್ಲಿನಿಂದ ಇಳಿದು, ನೀರಿನ ಕಡೆಗಲ್ಲ, ಗದ್ದೆಯ ಕಡೆಗೆ ನಿಂತುಬಿಡಿ. ಮರ್ಯಾದೆಯೇನೂ ಹೋಗುವುದಿಲ್ಲ.

ಇನ್ನು ನಮ್ಮ ಮುಖ್ಯ ನಿಯಮ: ನಿಧಾನ ತುಳಿಯುವವರು ಮುಂದೆ, ವೇಗದವರು ಹಿಂದೆ. ಇದೊಂದರಿಂದ ಅರ್ಧ ಜಗಳ ತಪ್ಪಿತು. ಬಿಸಿಲೇರುವ ಮುಂಚೆ, ಎಂದರೆ ಹತ್ತು ಗಂಟೆಯೊಳಗೆ, ಸವಾರಿ ಮುಗಿಯಬೇಕು. ಅಭ್ಯಾಸವಿಲ್ಲದವರಿಗೆ ದಿನಕ್ಕೆ 15 ಕಿಲೋಮೀಟರ್ ಸಾಕು. ಪೆಡಲು ಪೂರ್ತಿ ಕೆಳಗಿದ್ದಾಗ ಕಾಲು ಹೆಚ್ಚುಕಡಿಮೆ ನೆಟ್ಟಗಾಗುವಷ್ಟು ಸೀಟು ಎತ್ತರಿಸಿಕೊಳ್ಳಿ. ನನ್ನ ಪತ್ನಿಯ ಮಂಡಿನೋವಿಗೆ ತಗ್ಗಿನಲ್ಲಿದ್ದ ಸೀಟೇ ಕಾರಣವಾಗಿತ್ತು. ಪಂಕ್ಚರ್ ಸಾಮಾನು, ಪಂಪು ಜೊತೆಗಿರಲಿ. ಗಂಟೆಗಿಷ್ಟೆಂದು ಸೈಕಲ್ ಬಾಡಿಗೆಗೆ ಕೊಡುತ್ತಿದ್ದ ಹಳೆಯ ಅಂಗಡಿಗಳು ಸಣ್ಣ ಊರುಗಳಲ್ಲಿ ಈಗ ಅಪರೂಪ.

ಉಳಿದದ್ದಕ್ಕೆ ಬಸ್ಸು

ಪಾಂಡವಪುರದ ಹಳೆಯ ಹೆಸರು ಹಿರೋಡೆ. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಇಲ್ಲಿ ಬೀಡುಬಿಟ್ಟಿದ್ದರಿಂದ ಬ್ರಿಟಿಷರು ಇದನ್ನು ಫ್ರೆಂಚ್ ರಾಕ್ಸ್ ಎಂದು ಕರೆದರು. ಬೆಂಗಳೂರು–ಮೈಸೂರು ಮಾರ್ಗದಲ್ಲಿ ರೈಲು ನಿಲ್ದಾಣವಿದೆ, ಊರ ಪಕ್ಕದಲ್ಲೇ ಕುಂತಿಬೆಟ್ಟದ ಬಂಡೆಗಳು. ನಾವು ಸೋತು ಹಿಂತಿರುಗಿದ್ದ ಕೆರೆ ತೊಣ್ಣೂರಿಗೆ ಎರಡನೆಯ ಸಲ ಆಟೋದಲ್ಲಿ ಹೋದೆವು. ಮೋತಿ ತಲಾಬ್ ಎಂದೂ ಹೆಸರಾದ ಆ ತಿಳಿನೀರಿನ ಕೆರೆಯ ದಂಡೆಯಲ್ಲಿ ಒಂದಿಡೀ ಮಧ್ಯಾಹ್ನ ಏನೂ ಮಾಡದೆ ಕೂತೆವು. ಬರುವಾಗ ಆಲೆಮನೆಯಲ್ಲಿ ಬಿಸಿ ಬೆಲ್ಲ ತಿಂದೆವು. ಮೇಲುಕೋಟೆ ಇದೇ ತಾಲ್ಲೂಕು, ಆದರೆ ಅದು ಬೆಟ್ಟದ ಮೇಲಿನ ಊರು. ಸೈಕಲ್ ಹತ್ತಿಸುವ ಹುಮ್ಮಸ್ಸು ಬೇಡ, ಬಸ್ಸಿನಲ್ಲಿ ಹೋಗಿ ಪುಳಿಯೋಗರೆ ತಿಂದು ಬನ್ನಿ. ವೈರಮುಡಿ ಉತ್ಸವದ ದಿನಗಳಲ್ಲಿ ಕೊಠಡಿ ಸಿಗುವುದು ಕಷ್ಟ.

ಕೆ.ಆರ್. ಪೇಟೆಯಲ್ಲಿ ಒಂದು ರಾತ್ರಿ ತಂಗುವುದಾದರೆ ಬೆಳಿಗ್ಗೆ ಹೊಸಹೊಳಲಿಗೆ ಸೈಕಲ್ಲಿನಲ್ಲೇ ಹೋಗಬಹುದು, ಪೇಟೆಗೆ ಅಂಟಿದಂತೆಯೇ ಇದೆ. ಅಲ್ಲಿಯ ಲಕ್ಷ್ಮೀನಾರಾಯಣ ದೇವಸ್ಥಾನ 13ನೆಯ ಶತಮಾನದ ಹೊಯ್ಸಳರ ಕಾಲದ್ದು, ಗೋಡೆಯ ತಳದಲ್ಲಿ ರಾಮಾಯಣ ಮಹಾಭಾರತದ ಕಥೆಗಳು ಸಾಲುಸಾಲಾಗಿ ಕೆತ್ತಿವೆ. ಕಿಕ್ಕೇರಿ ಸ್ವಲ್ಪ ದೂರ, ಬಸ್ಸಿದೆ. ದಂಪತಿಗಳು ಕಿಕ್ಕೇರಿಯನ್ನು ಬಿಡಬಾರದು ಎನ್ನುವುದು ನನ್ನ ಅಭಿಪ್ರಾಯ. 1171ರ ಬ್ರಹ್ಮೇಶ್ವರ ದೇವಸ್ಥಾನ ಅಲ್ಲಿದೆ, ಕಟ್ಟಿಸಿದ್ದು ಬಮ್ಮವ್ವೆ ನಾಯಕಿತಿ ಎಂಬ ಹೆಣ್ಣುಮಗಳು. ಅದಕ್ಕಿಂತ ಹೆಚ್ಚಾಗಿ ಕೆ.ಎಸ್. ನರಸಿಂಹಸ್ವಾಮಿ 1915ರಲ್ಲಿ ಹುಟ್ಟಿದ ಊರು ಅದು. ಹೆಂಡತಿಯ ಮೇಲಿನ ಪ್ರೀತಿಯನ್ನು ನಾಚಿಕೆಯಿಲ್ಲದೆ, ಅಷ್ಟೇ ಮರ್ಯಾದೆಯಿಂದ ಹಾಡಿದ 'ಮೈಸೂರ ಮಲ್ಲಿಗೆ' ಬಂದದ್ದು 1942ರಲ್ಲಿ. ಪುಸ್ತಕ ಚೀಲದಲ್ಲಿಟ್ಟುಕೊಂಡು ಹೋಗಿದ್ದೆ. ಓದಿದ್ದು ನಾನಲ್ಲ, ಆಕೆ.

ನಾಗಮಂಗಲಕ್ಕೆ ಅರ್ಧ ದಿನ ಕೊಟ್ಟೆವು. ಏರಿಳಿತದ ದಾರಿ, ನೆರಳು ಕಡಿಮೆ, ಸೈಕಲ್ಲಿಗೆ ಹೊಸಬರಿಗಲ್ಲ. ಸೌಮ್ಯಕೇಶವ ದೇವಸ್ಥಾನ, ಲೋಹದ ವಿಗ್ರಹ ಎರಕ ಹೊಯ್ಯುವ ಕುಶಲಕರ್ಮಿಗಳು, ತಾಲ್ಲೂಕಿನಲ್ಲೇ ಇರುವ ಕಂಬದಹಳ್ಳಿಯ ಗಂಗರ ಕಾಲದ ಬಸದಿ, ಇವನ್ನು ಇಷ್ಟಪಡುವವರು ಒಂದು ದಿನ ಪೂರ್ತಿ ಇಟ್ಟುಕೊಳ್ಳಲಿ.

ಮೈಸೂರನ್ನು ಭಾನುವಾರಕ್ಕೆ ಹೊಂದಿಸಿಕೊಳ್ಳಿ. ಬೆಳಿಗ್ಗೆ ಸಂತ ಫಿಲೋಮಿನಾ ಚರ್ಚಿನಲ್ಲಿ ಬಲಿಪೂಜೆ. ಆ ಚರ್ಚಿಗೆ 1933ರಲ್ಲಿ ಅಡಿಗಲ್ಲು ಹಾಕಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಸಂಜೆ ಅರಮನೆಯ ದೀಪ, ಭಾನುವಾರ ತಪ್ಪದೆ ಹಚ್ಚುತ್ತಾರೆ. ನಡುವಿನ ಹೊತ್ತು ಪೂರ್ತಿ ಆಕೆಯದಾಗಿತ್ತು. ದೇವರಾಜ ಮಾರುಕಟ್ಟೆಯಲ್ಲಿ ಎರಡು ಗಂಟೆ ಚೀಲ ಹಿಡಿದು ನಿಂತೆ. ಕೊಂಡದ್ದು ಒಂದು ಮೊಳ ಮಲ್ಲಿಗೆ, ಅರ್ಧ ಕಿಲೋ ರಸಬಾಳೆ, ಮಗಳಿಗೊಂದು ಕುಂಕುಮದ ಬಣ್ಣದ ರವಿಕೆ ಬಟ್ಟೆ. ಮೊದಲಾಗಿದ್ದರೆ ಇಷ್ಟಕ್ಕೆ ಎರಡು ಗಂಟೆಯೇ ಎನ್ನುತ್ತಿದ್ದೆ. ದರಿಯಾ ದೌಲತ್ತಿನಲ್ಲಿ ನನ್ನ ಒಂದು ಗಂಟೆಯನ್ನು ಆಕೆ ಲೆಕ್ಕ ಹಾಕಿರಲಿಲ್ಲ.

ಖರ್ಚಿನ ಬಗ್ಗೆ ಒಂದು ಮಾತು. ಒಟ್ಟು ಇಷ್ಟು ಎಂದು ಮೊದಲೇ ನಿಶ್ಚಯಿಸಿ, ಅದರಲ್ಲಿ ಒಂದು ಸಣ್ಣ ಮೊತ್ತವನ್ನು ಇಬ್ಬರಿಗೂ ಸಮನಾಗಿ, ಲೆಕ್ಕ ಕೇಳದ ಹಣವೆಂದು ಕೊಟ್ಟುಕೊಳ್ಳಿ. ಸಂಬಳ ತರುವವರು ಒಬ್ಬರೇ ಆಗಿರುವ ಮನೆಯಲ್ಲಿ ಇದು ಇನ್ನೂ ಮುಖ್ಯ. ದಸರಾ ಸಮಯದಲ್ಲಿ ಮೈಸೂರು, ಶ್ರೀರಂಗಪಟ್ಟಣ ಎರಡೂ ಕಡೆ ಕೊಠಡಿ ದುಬಾರಿ. ನವೆಂಬರಿನಿಂದ ಫೆಬ್ರವರಿಯವರೆಗೆ ಹವೆ ಹಿತ, ಕ್ರಿಸ್ಮಸ್ ರಜೆಯ ಜನಜಂಗುಳಿ ಒಂದನ್ನು ತಪ್ಪಿಸಿಕೊಂಡರಾಯಿತು.

ಮುಂದಿನ ವರ್ಷಕ್ಕೆ ಹಾಸನದ ಕಡೆ, ಹೇಮಾವತಿಯ ಹಿನ್ನೀರಿನಲ್ಲಿರುವ ಶೆಟ್ಟಿಹಳ್ಳಿಯ ಹಳೆಯ ಚರ್ಚು ನೋಡಲು ಹೋಗಬೇಕೆಂದಿದ್ದೇವೆ. ಈ ಸಲ ಯೋಜನೆ ಬರೆಯುತ್ತಿರುವುದು ಆಕೆ. ಪುಸ್ತಕದ ಮೊದಲ ಪುಟದಲ್ಲಿ ಊರುಗಳ ಹೆಸರು ಇನ್ನೂ ಬಂದಿಲ್ಲ. ಶೌಚಾಲಯ ಎಲ್ಲೆಲ್ಲಿ ಎಂದು ಒಂದು ಸಾಲು, ದಿನಕ್ಕೆ 15 ಕಿಲೋಮೀಟರ್ ಮೀರಬಾರದು ಎಂದು ಇನ್ನೊಂದು ಸಾಲು. ಕೆಳಗೆ ನನಗೆಂದು ಅರ್ಧ ಪುಟ ಖಾಲಿ ಬಿಟ್ಟಿದ್ದಾಳೆ.