ಮನೆಯ ಬಾಗಿಲಿಗೆ ಬಂದ ಶಾಲೆ

ಶಾಲೆಯನ್ನು ಕಟ್ಟಿಸಿದ ಮಾತ್ರಕ್ಕೆ ಮಕ್ಕಳು ಬಂದು ಕುಳಿತುಕೊಳ್ಳುವುದಿಲ್ಲ. ಈ ಸತ್ಯವನ್ನು ಇಂಗ್ಲೆಂಡ್ ದೇಶವು ಅನುಭವದಿಂದ ಕಲಿಯಿತು. 1870ರ ಶಿಕ್ಷಣ ಕಾಯಿದೆಯಂತೆ ಅಲ್ಲಿ ಶಾಲಾ ಮಂಡಳಿಗಳು ರಚಿತವಾದುವು. 1880ರಲ್ಲಿ ಐದರಿಂದ ಹತ್ತು ವರ್ಷದವರೆಗಿನ ಮಕ್ಕಳ ಹಾಜರಿಯು ಕಡ್ಡಾಯವಾಯಿತು. ಆದರೂ ಅನೇಕ ಬೆಂಚುಗಳು ಬರಿದಾಗಿಯೇ ಉಳಿದುವು.

ಬಾರದ ಮಕ್ಕಳನ್ನು ಹುಡುಕಲು ಮಂಡಳಿಗಳು ಹಾಜರಿ ಅಧಿಕಾರಿಗಳನ್ನು ನೇಮಿಸಿದುವು. ಲಂಡನ್ನಿನಲ್ಲಿ ಅವರಿಗೆ 'ಸಂದರ್ಶಕ'ರೆಂದು ಹೆಸರು. ಅವರು ಬೀದಿಬೀದಿ ಅಲೆದು, ಮನೆಮನೆಯ ಮಕ್ಕಳ ಹೆಸರನ್ನೂ ವಯಸ್ಸನ್ನೂ ಬರೆದುಕೊಳ್ಳುತ್ತಿದ್ದರು. ಮಕ್ಕಳನ್ನು ಕಳುಹಿಸದ ತಂದೆತಾಯಿಗಳು ನ್ಯಾಯಾಲಯದಲ್ಲಿ ದಂಡ ತೆರಬೇಕಾಗಿದ್ದಿತು. ಆದುದರಿಂದ ಸಂದರ್ಶಕನ ಹೆಜ್ಜೆಯ ಸಪ್ಪಳಕ್ಕೆ ಬಡವರು ಬೆದರುತ್ತಿದ್ದರು.

ಆದರೆ ಬಾಗಿಲು ತೆರೆದಾಗ ಕಾಣುತ್ತಿದ್ದುದು ಬರಿಯ ಸೋಮಾರಿತನವಲ್ಲ. ಒಂದು ಮನೆಯಲ್ಲಿ ತಾಯಿ ಕೂಲಿಗೆ ಹೋಗಿದ್ದಾಳೆ. ಹಿರಿಯ ಮಗಳು ಕೂಸನ್ನು ಎತ್ತಿಕೊಂಡಿದ್ದಾಳೆ. ಇನ್ನೊಂದರಲ್ಲಿ ಹುಡುಗನ ಕಾಲಿಗೆ ಪಾದರಕ್ಷೆಯಿಲ್ಲ. ಮತ್ತೊಂದರಲ್ಲಿ ವಾರದ ಶುಲ್ಕಕ್ಕೆ ಕಾಸಿಲ್ಲ. ದಂಡ ವಿಧಿಸಿದರೆ ಪಾದರಕ್ಷೆ ಬಂದೀತೆ?

ಈ ಸಂದರ್ಶಕರಷ್ಟು ಬಡವರ ಬದುಕನ್ನು ಬಲ್ಲವರು ವಿರಳ. 1886ರಲ್ಲಿ ಲಂಡನ್ನಿನ ಬಡತನದ ಅಧ್ಯಯನಕ್ಕೆ ತೊಡಗಿದ ಚಾರ್ಲ್ಸ್ ಬೂತ್ ಅವರ ತಿಳಿವಳಿಕೆಯನ್ನೇ ಬಹುಮಟ್ಟಿಗೆ ಆಧರಿಸಿದನು.

ಕಾಲಕ್ರಮದಲ್ಲಿ ಕಾನೂನೂ ಕಣ್ತೆರೆಯಿತು. 1891ರ ಕಾಯಿದೆಯಿಂದ ಪ್ರಾಥಮಿಕ ಶಿಕ್ಷಣವು ಬಹುಪಾಲು ಉಚಿತವಾಯಿತು. 1906ರಲ್ಲಿ ಹಸಿದ ಮಕ್ಕಳಿಗೆ ಶಾಲೆಯಲ್ಲಿ ಊಟ ಕೊಡಲು ಸ್ಥಳೀಯ ಸಂಸ್ಥೆಗಳಿಗೆ ಅಧಿಕಾರ ದೊರೆಯಿತು. 1907ರಲ್ಲಿ ಶಾಲಾಮಕ್ಕಳ ವೈದ್ಯಕೀಯ ತಪಾಸಣೆಗೆ ಕಾನೂನು ಬಂದಿತು. ಮುಂದೆ ಹಾಜರಿ ಅಧಿಕಾರಿಯು 'ಶಿಕ್ಷಣ ಕಲ್ಯಾಣ ಅಧಿಕಾರಿ'ಯೆನಿಸಿದನು. ಕುಟುಂಬಕ್ಕೆ ನೆರವಾಗುವುದೂ ಅವನ ಕರ್ತವ್ಯವಾಯಿತು.

ಬರಿದಾದ ಬೆಂಚನ್ನು ಕಂಡು 'ತಪ್ಪು ಯಾರದು?' ಎಂದು ಕೇಳುವುದು ಸುಲಭ. 'ಕೊರತೆ ಏನು?' ಎಂದು ಕೇಳಬಲ್ಲವನೇ ಮಗುವನ್ನು ಮರಳಿ ಕರೆತರುತ್ತಾನೆ.